ಲೂರ್ದು: ಕಾಯಿಲೆಯವರೇ ಮುಂದಿರುವ ಊರು

ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದವರ ಜಾಗ ಸಾಮಾನ್ಯವಾಗಿ ಒಳಕೋಣೆ. ನೆಂಟರು ಬಂದಾಗ ಆ ಕೋಣೆಯ ಬಾಗಿಲು ಅರ್ಧ ಮುಚ್ಚಿರುತ್ತದೆ. ಮದುವೆಗೋ ಹಬ್ಬಕ್ಕೋ ಮನೆಯವರೆಲ್ಲ ಹೊರಟರೆ ಒಬ್ಬರು ಉಳಿಯಬೇಕಾಗುತ್ತದೆ, ಆ ಒಬ್ಬರು ಹೆಚ್ಚಾಗಿ ಮನೆಯ ಹೆಣ್ಣುಮಗಳು. ಚರ್ಚಿನಲ್ಲೂ ಗಾಲಿಕುರ್ಚಿ ಬಂದರೆ ಯಾರಿಗೂ ಅಡ್ಡಿಯಾಗದಿರಲೆಂದು ಹಿಂದಿನ ಬಾಗಿಲ ಬಳಿ ನಿಲ್ಲಿಸುತ್ತೇವೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಕಾಯಿಲೆಯವರು ದಿನದಿಂದ ದಿನಕ್ಕೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ.

ಫ್ರಾನ್ಸಿನ ದಕ್ಷಿಣದಲ್ಲಿ, ಪಿರನೀಸ್ ಬೆಟ್ಟಸಾಲಿನ ಬುಡದಲ್ಲಿ, ಈ ಕ್ರಮ ತಲೆಕೆಳಗಾದ ಒಂದು ಊರಿದೆ. ಲೂರ್ದು. ಜನಸಂಖ್ಯೆ ಸುಮಾರು 14 ಸಾವಿರ, ವರ್ಷಕ್ಕೆ ಬರುವ ಯಾತ್ರಿಕರು ಹತ್ತಾರು ಲಕ್ಷ. ಅಲ್ಲಿನ ಪುಣ್ಯಕ್ಷೇತ್ರದೊಳಗೆ ಮೊದಲು ಕಣ್ಣಿಗೆ ಬೀಳುವುದು ನೀಲಿ ಹೊದಿಕೆಯ ಮೂರು ಗಾಲಿಯ ಕೈಗಾಡಿಗಳು. ಒಳಗೆ ಕಂಬಳಿ ಹೊದ್ದು ಕೂತ ರೋಗಿ, ಮುಂದೆ ಹಿಡಿಕೆ ಹಿಡಿದು ಎಳೆಯುವ ಸ್ವಯಂಸೇವಕ. ಆ ಗಾಡಿ ಬಂತೆಂದರೆ ಉಳಿದವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಸಾಯಂಕಾಲದ ಪರಮಪ್ರಸಾದದ ಮೆರವಣಿಗೆಯಿರಲಿ, ರಾತ್ರಿ ಒಂಬತ್ತಕ್ಕೆ ಮೇಣದಬತ್ತಿ ಹಿಡಿದು ಜಪಸರ ಹೇಳುತ್ತ ಹೊರಡುವ ಮೆರವಣಿಗೆಯಿರಲಿ, ಮುಂದಿನ ಜಾಗ ಕಾಯಿಲೆಯವರದು. ಆರೋಗ್ಯವಂತರು ಅವರ ಹಿಂದೆ. ಈ ಊರು ಲೋಕಕ್ಕೆ ಕೊಟ್ಟ ದೊಡ್ಡ ಸಾಂತ್ವನ ಇದೇ ಎಂದು ನನಗೆ ಅನಿಸುತ್ತದೆ. ಪವಾಡಗಳ ಮಾತು ಅದರ ನಂತರ ಬರುವಂಥದ್ದು.

ಈ ಕ್ಷೇತ್ರ ಶುರುವಾದದ್ದೂ ಒಬ್ಬ ಕಾಯಿಲೆಯ ಹುಡುಗಿಯಿಂದ. ಬರ್ನಡೆಟ್ ಸುಬಿರೂ ಹುಟ್ಟಿದ್ದು 1844ರ ಜನವರಿಯಲ್ಲಿ, ಹಿಟ್ಟಿನ ಗಿರಣಿ ನಡೆಸುತ್ತಿದ್ದ ಮನೆಯಲ್ಲಿ. ಅಪ್ಪನ ವ್ಯವಹಾರ ಮುಳುಗಿ ಗಿರಣಿ ಕೈಬಿಟ್ಟಿತು. 1855ರಲ್ಲಿ ಊರಿಗೆ ಕಾಲರಾ ಬಂತು, ಅದು ಹುಡುಗಿಯನ್ನೂ ಬಡಿಯಿತು. ಆಸ್ತಮಾ ಅವಳನ್ನು ಕೊನೆಯವರೆಗೂ ಬಿಡಲಿಲ್ಲ. ಬಾಡಿಗೆ ಕಟ್ಟಲಾರದ ಆ ಸಂಸಾರಕ್ಕೆ ಕಡೆಗೆ ಸಿಕ್ಕಿದ್ದು ಹಳೆಯ ಸೆರೆಮನೆಯ ಒಂದೇ ಕೋಣೆ. ಕೈದಿಗಳನ್ನಿಡಲೂ ಯೋಗ್ಯವಲ್ಲವೆಂದು ಸರ್ಕಾರ ಬಿಟ್ಟಿದ್ದ ಥಂಡಿ ಕೋಣೆ ಅದು. ಅಪ್ಪ, ಅಮ್ಮ, ನಾಲ್ಕು ಮಕ್ಕಳು ಅದರಲ್ಲೇ. ಹದಿನಾಲ್ಕು ವರ್ಷವಾದರೂ ಬರ್ನಡೆಟ್‌ಗೆ ಓದು ಬರಹ ಬರುತ್ತಿರಲಿಲ್ಲ. ಧರ್ಮೋಪದೇಶದ ಪಾಠ ಕಲಿಯಲಾಗದೆ ಮೊದಲ ಪರಮಪ್ರಸಾದವೂ ಬಾಕಿಯಿತ್ತು.

1858ರ ಫೆಬ್ರವರಿ 11, ಗುರುವಾರ. ತಂಗಿ ಮತ್ತು ಒಬ್ಬ ಗೆಳತಿಯ ಜೊತೆ ಸೌದೆ ಆರಿಸಲು ಹೊರಟವಳು ಗಾವ್ ನದಿಯ ದಡದ ಮಸಬಿಯೆಲ್ ಎಂಬ ಬಂಡೆಗವಿಯ ಹತ್ತಿರ ಬಂದಳು. ಆ ಗವಿಯಲ್ಲಿ ಬಿಳಿಯುಡುಪಿನ, ನೀಲಿ ನಡುಪಟ್ಟಿಯ ಒಬ್ಬ ಸ್ತ್ರೀಯನ್ನು ಕಂಡೆನೆಂದು ಹೇಳಿದಳು. ಜುಲೈ 16ರೊಳಗೆ ಇಂಥ ದರ್ಶನ ಹದಿನೆಂಟು ಸಲ ಆಯಿತು. ಪೊಲೀಸ್ ಅಧಿಕಾರಿ ಕರೆಸಿ ಗದರಿಸಿದ. ಊರಿನ ಗುರುಗಳಾದ ಪೆರಮಾಲ್ ಸ್ವಾಮಿ ಮೊದಲಿಗೆ ನಂಬಲಿಲ್ಲ, ಆ ಸ್ತ್ರೀಯ ಹೆಸರು ಕೇಳಿಕೊಂಡು ಬಾ ಎಂದು ಕಳಿಸಿದರು. ಮಾರ್ಚ್ 25ರಂದು ಅವಳು ತಂದ ಉತ್ತರ ಅಮಲೋದ್ಭವಿ ಎಂದು, ಅಂದರೆ ಜನ್ಮಪಾಪವಿಲ್ಲದೆ ಉದ್ಭವಿಸಿದ ಮಾತೆ ಮರಿಯಮ್ಮ. ಆ ಮಾತಿನ ಅರ್ಥ ಅವಳಿಗೇ ಗೊತ್ತಿರಲಿಲ್ಲ, ಮರೆತುಹೋಗದಿರಲೆಂದು ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತ ಬಂದಳು. ಸುಮಾರು ಮೂರೂವರೆ ವರ್ಷದ ವಿಚಾರಣೆಯ ಬಳಿಕ, 1862ರ ಜನವರಿಯಲ್ಲಿ, ತಾರ್ಬ್ ಪ್ರಾಂತ್ಯದ ಧರ್ಮಾಧ್ಯಕ್ಷರು ದರ್ಶನಗಳನ್ನು ಮಾನ್ಯ ಮಾಡಿದರು.

ನೀರಿನ ಕಥೆ ಫೆಬ್ರವರಿ 25ರದು. ಊಟೆಯ ನೀರು ಕುಡಿದು ಮುಖ ತೊಳೆದುಕೋ ಎಂಬ ಅಪ್ಪಣೆಯಾಯಿತೆಂದು ಹುಡುಗಿ ಗವಿಯ ನೆಲ ಕೆದಕಿದಳು. ಮೊದಲು ಬಂದದ್ದು ಕೆಸರು. ಅದನ್ನೇ ಕುಡಿಯಲು ನೋಡಿ ಮುಖಕ್ಕೆಲ್ಲ ಬಳಿದುಕೊಂಡಳು. ನೋಡಲು ನೆರೆದ ಜನ ಹುಚ್ಚು ಹಿಡಿದಿದೆ ಎಂದುಕೊಂಡು ನಕ್ಕರು. ಆಮೇಲೆ ನೀರು ತಿಳಿಯಾಯಿತು, ಇವತ್ತಿಗೂ ಹರಿಯುತ್ತಿದೆ. ಅದೇ ವರ್ಷ ತುಲೂಸಿನ ಪ್ರಾಧ್ಯಾಪಕ ಫಿಲೋಲ್ ಈ ನೀರನ್ನು ಪರೀಕ್ಷಿಸಿದರು. ಸಾಧಾರಣ ಕುಡಿಯುವ ನೀರು, ಔಷಧಿಯ ಗುಣವೇನೂ ಇಲ್ಲ ಎಂಬುದು ಅವರ ವರದಿ. ಆ ವರದಿಯನ್ನು ಕ್ಷೇತ್ರದವರು ಯಾವತ್ತೂ ಬಚ್ಚಿಡಲಿಲ್ಲ. ನೀರಿಗೆ ಬೆಲೆಯೂ ಇಲ್ಲ. ನಲ್ಲಿ ತಿರುಗಿಸಿ ಎಷ್ಟು ಬೇಕಾದರೂ ಹಿಡಿದುಕೊಳ್ಳಬಹುದು. ಹೊರಗಿನ ಬೀದಿಯ ಅಂಗಡಿಗಳಲ್ಲಿ ದುಡ್ಡು ತೆಗೆದುಕೊಳ್ಳುವುದು ಬಾಟಲಿಗೆ. ಮಾತೆ ಮರಿಯಮ್ಮನವರ ಆಕಾರದ, ನೀಲಿ ಕಿರೀಟದ ಮುಚ್ಚಳವಿರುವ ಆ ಪ್ಲಾಸ್ಟಿಕ್ ಬಾಟಲಿ ನಮ್ಮ ಎಷ್ಟೋ ಕ್ರೈಸ್ತ ಮನೆಗಳ ಪೀಠದ ಮೇಲೂ ಇದೆ.

ಅಲ್ಲಿ ಗುಣವಾಗುತ್ತದೆಯೇ ಎಂದು ಕೇಳುವವರಿಗೆ ಲೂರ್ದು ಕೊಡುವ ಉತ್ತರದಲ್ಲಿ ಒಂದು ಸಂಯಮವಿದೆ. 1883ರಲ್ಲೇ ಕ್ಷೇತ್ರದೊಳಗೆ ವೈದ್ಯಕೀಯ ಕಚೇರಿ ತೆರೆದರು. ನನಗೆ ವಾಸಿಯಾಯಿತು ಎಂದು ಯಾರಾದರೂ ಬಂದರೆ ಅವರ ಹಳೆಯ ಚೀಟಿಗಳು, ಎಕ್ಸ್‌ರೇಗಳು, ಆಸ್ಪತ್ರೆಯ ದಾಖಲೆಗಳನ್ನೆಲ್ಲ ತರಿಸುತ್ತಾರೆ. ಆ ಹೊತ್ತಿಗೆ ಊರಿನಲ್ಲಿರುವ ಯಾವ ವೈದ್ಯರೂ ಪರಿಶೀಲನೆಯಲ್ಲಿ ಕೂರಬಹುದು. ಅವರು ಯಾವ ಧರ್ಮದವರು, ದೇವರನ್ನು ನಂಬುತ್ತಾರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕಾಯಿಲೆ ಗಂಭೀರವಾದದ್ದೇ, ರೋಗನಿರ್ಣಯ ಖಚಿತವೇ, ಗುಣವಾದದ್ದು ಹಠಾತ್ತನೆಯೇ, ಪೂರ್ತಿಯೇ, ವರ್ಷಗಳು ಕಳೆದರೂ ಹಾಗೇ ಉಳಿದಿದೆಯೇ, ತೆಗೆದುಕೊಂಡ ಔಷಧಿಯಿಂದಲೇ ಆಗಿರಬಹುದೇ ಎಂದೆಲ್ಲ ಶೋಧಿಸುತ್ತಾರೆ. ಅಲ್ಲಿಂದ ಪ್ರಕರಣ ಅಂತರರಾಷ್ಟ್ರೀಯ ವೈದ್ಯ ಸಮಿತಿಗೆ ಹೋಗುತ್ತದೆ. ವೈದ್ಯರು ಹೇಳುವುದು ಇಷ್ಟೇ: ಈಗಿನ ವೈದ್ಯಜ್ಞಾನದಲ್ಲಿ ಇದಕ್ಕೆ ವಿವರಣೆ ಇಲ್ಲ. ಪವಾಡವೆಂದು ಕರೆಯುವುದೋ ಬಿಡುವುದೋ ಗುಣವಾದವರ ಪ್ರಾಂತ್ಯದ ಧರ್ಮಾಧ್ಯಕ್ಷರಿಗೆ ಬಿಟ್ಟದ್ದು.

ಈ ಜರಡಿಯಲ್ಲಿ ಉಳಿದದ್ದು ಎಷ್ಟು? 7,000ಕ್ಕೂ ಹೆಚ್ಚು ಮಂದಿ ಗುಣವಾಯಿತೆಂದು ದಾಖಲಿಸಿದ್ದಾರೆ, ಒಂದೂವರೆ ಶತಮಾನಕ್ಕೂ ಮಿಕ್ಕಿದ ಕಾಲದಲ್ಲಿ ಧರ್ಮಸಭೆ ಪವಾಡವೆಂದು ಒಪ್ಪಿದ್ದು ಎಪ್ಪತ್ತಕ್ಕಿಂತ ಕೆಲವೇ ಹೆಚ್ಚು. ಎಪ್ಪತ್ತನೆಯದು ಫ್ರಾನ್ಸಿನವರೇ ಆದ ಸಿಸ್ಟರ್ ಬರ್ನಡೆಟ್ ಮೊರಿಯೊ ಅವರದು. ಬೆನ್ನುಹುರಿಯ ತುದಿಯ ನರಗಳ ತೊಂದರೆಯಿಂದ ದಶಕಗಳ ಕಾಲ ನರಳಿದವರು. 2008ರಲ್ಲಿ ಲೂರ್ದಿಗೆ ಹೋಗಿ ಬಂದರು. ಅಲ್ಲಿ ಏನೂ ಆಗಲಿಲ್ಲ. ಮಠಕ್ಕೆ ಹಿಂದಿರುಗಿದ ಮೇಲೆ, ಜುಲೈ 11ರಂದು, ಪ್ರಾರ್ಥನೆಯಲ್ಲಿದ್ದಾಗ ಮೈಯಲ್ಲೆಲ್ಲ ಬಿಸುಪು ಹರಿದಂತಾಗಿ ಕೋಣೆಗೆ ಬಂದು ಕಟ್ಟುಪಟ್ಟಿಗಳನ್ನೆಲ್ಲ ಬಿಚ್ಚಿಟ್ಟು ನಡೆದರು. ಅದಕ್ಕೆ ಮನ್ನಣೆ ಸಿಕ್ಕಿದ್ದು 2018ರ ಫೆಬ್ರವರಿಯಲ್ಲಿ. ಹತ್ತು ವರ್ಷ ಕಾದರು. ರೋಗಶಾಂತಿ ಕೂಟಗಳಲ್ಲಿ ರಾತ್ರಿ ಬೆಳಗಾಗುವುದರೊಳಗೆ ವೇದಿಕೆಯ ಮೇಲೆ ಸಾಕ್ಷಿ ಹೇಳಿಸುವ ಆತುರಕ್ಕೂ ಇದಕ್ಕೂ ಎಷ್ಟು ದೂರ!

ಜ಼ಾಂ-ಪಿಯೆರ್ ಬೆಲಿ ಅವರದು ಇನ್ನೊಂದು ಬಗೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ನರಗಳನ್ನು ತಿನ್ನುವ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದು ಪೂರ್ಣ ಅಂಗವಿಕಲರಾಗಿದ್ದರು. 1987ರ ಅಕ್ಟೋಬರಿನಲ್ಲಿ ಲೂರ್ದಿನಲ್ಲಿ ವ್ಯಾಧಿಸ್ಥರ ಅಭ್ಯಂಗ, ಅಂದರೆ ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರ ಪಡೆದರು. ಆಗ ಅವರಿಗೆ ಮೊದಲು ಬಂದದ್ದು ಮನಸ್ಸಿನ ಶಾಂತಿ. ಕಾಲಿಗೆ ಬಲ ಬಂದದ್ದು ಅದರ ಹಿಂದೆ. ಮನ್ನಣೆ ಸಿಕ್ಕಿದ್ದು 1999ರಲ್ಲಿ.

ಹಾಗಾದರೆ ಉಳಿದವರು? ಗಾಡಿಯಲ್ಲಿ ಬಂದು ಗಾಡಿಯಲ್ಲೇ ಹಿಂದಿರುಗುವವರು ಲೆಕ್ಕವಿಲ್ಲದಷ್ಟು. ಅವರಲ್ಲಿ ಎಷ್ಟೋ ಜನ ಮರುವರ್ಷವೂ ಬರುತ್ತಾರೆ. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಸ್ವಯಂಸೇವಕರನ್ನು ನೋಡಬೇಕು. 1885ರಲ್ಲಿ ಅವರ ಸೇವಾ ಸಂಘ ಹುಟ್ಟಿತು. ಸಂಬಳವಿಲ್ಲ, ರೈಲಿನ ಟಿಕೆಟ್ಟು ಅವರದೇ, ಊಟ ವಸತಿಯ ಖರ್ಚೂ ಅವರದೇ. ಕಾಲೇಜಿನ ಹುಡುಗರು, ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ರೈತರು ವರ್ಷದ ರಜೆಯನ್ನು ಇದಕ್ಕೇ ಎತ್ತಿಡುತ್ತಾರೆ. ರೈಲಿನಿಂದ ರೋಗಿಗಳನ್ನು ಇಳಿಸುವುದು, ಮೈ ಒರೆಸುವುದು, ಊಟ ಬಾಯಿಗಿಡುವುದು, ಶೌಚಕ್ಕೆ ಕರೆದೊಯ್ಯುವುದು, ಗಾಡಿ ಎಳೆಯುವುದು. ವರ್ಷಾನುಗಟ್ಟಲೆ ಒಬ್ಬಂಟಿಯಾಗಿ ತಾಯಿಯನ್ನೋ ಗಂಡನನ್ನೋ ಸುಧಾರಿಸಿಕೊಂಡು ಬಂದ ಹೆಂಗಸಿನ ಕೈಯಿಂದ ಕೆಲವು ದಿನದ ಮಟ್ಟಿಗೆ ಆ ಕೆಲಸವನ್ನು ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ. ಅವಳು ಕೂತು ಊಟ ಮಾಡುತ್ತಾಳೆ. ಗವಿಯ ಮುಂದೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರುತ್ತಾಳೆ. ರೋಗಿಯ ಜೊತೆ ರೋಗಿಯನ್ನು ನೋಡಿಕೊಳ್ಳುವವರೂ ಸವೆಯುತ್ತಾರೆ ಎಂಬುದನ್ನು ಕಂಡುಕೊಂಡ ಕ್ಷೇತ್ರ ಇದು.

ಸ್ನಾನದ ಕೊಳಗಳಲ್ಲೂ ಇದೇ ಕೈಗಳು. ಕಲ್ಲಿನ ತೊಟ್ಟಿ, ಥರಗುಟ್ಟಿಸುವ ನೀರು, ಇಬ್ಬರು ಎರಡು ಪಕ್ಕದಲ್ಲಿ ಹಿಡಿದು ಇಳಿಸುತ್ತಿದ್ದರು, ಪ್ರಾರ್ಥನೆ ಹೇಳಿಕೊಡುತ್ತಿದ್ದರು, ಎತ್ತುತ್ತಿದ್ದರು. ಕೊರೊನಾ ಬಂದಾಗ ಇದು ನಿಂತಿತು. ಬದಲಿಗೆ ಬೊಗಸೆಗೆ ನೀರು ಹುಯ್ದು ಕೈ ಮುಖ ತೊಳೆದು ಕುಡಿಯುವ ಕ್ರಮ ಬಂತು. ಗವಿಯಲ್ಲಿ ಬರ್ನಡೆಟ್ ಮಾಡಿದ್ದೂ ಅಷ್ಟೇ ತಾನೆ?

ಮೈಯ ಗಾಯ ಒಂದೇ ಗಾಯವಲ್ಲ. ಕ್ಷೇತ್ರದಲ್ಲಿರುವ ಜಪಸರ ಮಾತೆಯ ಬಸಿಲಿಕದ ಮುಂಭಾಗದ ಮೊಸಾಯಿಕ್ ಚಿತ್ರಗಳನ್ನು ರಚಿಸಿದ ಕಲಾವಿದ ಗುರುವಿನ ಮೇಲೆ ಹಲವು ಮಹಿಳೆಯರು ದೌರ್ಜನ್ಯದ ಆರೋಪ ಮಾಡಿದರು. ನೋವುಂಡವರು ಸಮಾಧಾನ ಅರಸಿ ಬರುವ ಬಾಗಿಲಲ್ಲೇ ಆ ಚಿತ್ರಗಳಿರಬೇಕೇ ಎಂಬ ಪ್ರಶ್ನೆ ಎದ್ದಿತು. 2024ರಲ್ಲಿ ಅಲ್ಲಿನ ಧರ್ಮಾಧ್ಯಕ್ಷರು ರಾತ್ರಿಯ ಮೆರವಣಿಗೆಯ ಹೊತ್ತಿಗೆ ಅವುಗಳ ಮೇಲಿನ ದೀಪ ಆರಿಸಲು ಹೇಳಿದರು, 2025ರ ಮಾರ್ಚ್ ಕೊನೆಯಲ್ಲಿ ಬಾಗಿಲುಗಳ ಮೇಲಿನ ಚಿತ್ರಗಳನ್ನು ಮುಚ್ಚಿಸಿದರು. ಕಲೆ ಬೇರೆ, ಕಲಾವಿದ ಬೇರೆ ಎಂದು ವಾದಿಸುವವರು ಇದ್ದೇ ಇದ್ದರು. ನಾನು ಆ ಧರ್ಮಾಧ್ಯಕ್ಷರ ಪಕ್ಷ. ಗಾಯಗೊಂಡವರಿಗೆ ಮುಂದಿನ ಜಾಗ ಎಂಬ ಮಾತು ಕೈಗಾಡಿಗಳಿಗೆ ಮಾತ್ರ ಅನ್ವಯವಾದರೆ ಸಾಲದು.

ಬರ್ನಡೆಟ್ ಏನಾದಳು ಎಂದು ಹೇಳದೆ ಲೂರ್ದಿನ ಪರಿಚಯ ಮುಗಿಯದು. 1864ರಲ್ಲಿ ಗವಿಯಲ್ಲಿ ಫಾಬಿಶ್ ಎಂಬ ಶಿಲ್ಪಿ ಕೆತ್ತಿದ ಅಮೃತಶಿಲೆಯ ಪ್ರತಿಮೆ ನಿಂತಿತು. ನಮ್ಮ ಚರ್ಚುಗಳ ಗವಿಗಳಲ್ಲಿ ಕಾಣುವ ಪ್ರತಿಮೆಗಳೆಲ್ಲ ಅದರ ಮಾದರಿಯವು. ಕಣ್ಣಾರೆ ಕಂಡಿದ್ದ ಹುಡುಗಿಗೆ ಮಾತ್ರ ಅದು ಹಿಡಿಸಲಿಲ್ಲ. ತಾನು ಕಂಡದ್ದು ಹಾಗಿರಲಿಲ್ಲ ಎಂದಳು. ನೋಡಲು ಮುತ್ತುವ ಜನರಿಂದ ದೂರವಾಗಿ 1866ರಲ್ಲಿ ನೆವೆರ್ ಊರಿನ ಮಠ ಸೇರಿದಳು, ಮತ್ತೆ ಲೂರ್ದಿಗೆ ಬರಲಿಲ್ಲ. ಮಠದ ರೋಗಿಗಳ ಕೋಣೆಯಲ್ಲಿ ಶುಶ್ರೂಷೆ ಮಾಡಿದಳು. ಆಮೇಲೆ ಅದೇ ಕೋಣೆಯಲ್ಲಿ ತಾನೇ ರೋಗಿಯಾದಳು. ಆಸ್ತಮಾ ಇದ್ದೇ ಇತ್ತು, ಕ್ಷಯ ಮೊಣಕಾಲಿನ ಮೂಳೆಗೆ ಇಳಿಯಿತು. 1879ರ ಏಪ್ರಿಲ್ 16ರಂದು ತೀರಿಕೊಂಡಾಗ ಅವಳಿಗೆ 35 ವರ್ಷ. 1933ರಲ್ಲಿ ಸಂತ ಪದವಿ ಬಂತು.

ಊಟೆಯನ್ನು ತೋಡಿದವಳೇ ಗುಣವಾಗಲಿಲ್ಲ. ಇದನ್ನು ನಾವು, ವಿಶ್ವಾಸಿಗಳು, ಮತ್ತೆ ಮತ್ತೆ ನೆನೆಯಬೇಕು. ನಮ್ಮ ನಡುವೆ ಒಂದು ಕೆಟ್ಟ ಮಾತು ಓಡಾಡುತ್ತಿದೆ. ಪ್ರಾರ್ಥನೆ ಮಾಡಿದರೂ ವಾಸಿಯಾಗದಿದ್ದರೆ ನಿನ್ನ ವಿಶ್ವಾಸ ಸಾಲದು ಎಂದು ರೋಗಿಗೇ ಹೇಳುವುದು. ಕ್ಯಾನ್ಸರಿನ ಜೊತೆಗೆ ಅಪರಾಧದ ಭಾರವನ್ನೂ ಹೊರಿಸುವ ಮಾತು ಅದು. ಮಾತ್ರೆ ಬಿಟ್ಟುಬಿಡು, ದೇವರು ನೋಡಿಕೊಳ್ಳುತ್ತಾನೆ ಎನ್ನುವವರೂ ಇದ್ದಾರೆ. ಬರ್ನಡೆಟ್‌ಳ ವಿಶ್ವಾಸ ಸಾಲದೆ ಹೋಯಿತೇ? ವೈದ್ಯರ ಕಚೇರಿಯನ್ನು ಅಂಗಳದೊಳಗೇ ಇಟ್ಟುಕೊಂಡ ಕ್ಷೇತ್ರ ಔಷಧಿಯನ್ನು ಎಂದಾದರೂ ಹಗೆಯೆಂದು ಕಂಡಿತೇ? ಯೇಸುಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದರು ಎಂದು ಶುಭಸಂದೇಶ ಹೇಳುತ್ತದೆ. ಗುಣಪಡಿಸುವುದು ನಮ್ಮ ಕೈಲಿಲ್ಲ. ಮುಟ್ಟುವುದು ನಮ್ಮ ಕೈಲಿದೆ.

1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಫೆಬ್ರವರಿ 11ನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಜರ್ಜರಿತರಾಗಿದ್ದ ಅವರು 2004ರ ಆಗಸ್ಟಿನಲ್ಲಿ ತಾವೇ ಒಬ್ಬ ರೋಗಿಯಾಗಿ ಲೂರ್ದಿಗೆ ಬಂದರು. ಗವಿಯ ಮುಂದೆ ಮೊಣಕಾಲೂರುವಾಗ ತತ್ತರಿಸಿದರು, ಪಕ್ಕದವರು ಹಿಡಿದುಕೊಂಡರು. ಅದೇ ಅವರ ಕೊನೆಯ ವಿದೇಶಯಾತ್ರೆ.

ಕರ್ನಾಟಕದ ಕಥೋಲಿಕ ಚರ್ಚುಗಳಲ್ಲೂ ಫೆಬ್ರವರಿ 11ರ ಆಸುಪಾಸಿನಲ್ಲಿ ರೋಗಿಗಳಿಗಾಗಿ ಬಲಿಪೂಜೆ ನಡೆಯುತ್ತದೆ. ಧರ್ಮಾಧ್ಯಕ್ಷರು ಪವಿತ್ರ ವಾರದಲ್ಲಿ ಆಶೀರ್ವದಿಸಿದ ಎಣ್ಣೆಯನ್ನು ಗುರುಗಳು ಹಣೆಗೂ ಎರಡು ಅಂಗೈಗೂ ಹಚ್ಚಿ ಪ್ರಾರ್ಥಿಸುತ್ತಾರೆ. ಈ ಎಣ್ಣೆ ಹಚ್ಚಿಸಿಕೊಂಡರೆ ಸಾವು ಹತ್ತಿರ ಬಂತೆಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಇದೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ, ಈ ಸಂಸ್ಕಾರದ ಕ್ರಮವನ್ನು ಹೊಸದಾಗಿ ರೂಪಿಸಿದರು. ಗಂಭೀರ ಕಾಯಿಲೆಯವರು, ದೊಡ್ಡ ಆಪರೇಷನ್‌ಗೆ ಹೋಗುವವರು, ವಯಸ್ಸಿನಿಂದ ಬಲಗುಂದಿದವರು ಯಾರು ಬೇಕಾದರೂ ಪಡೆಯಬಹುದು. ಕಾಯಿಲೆ ಮರಳಿದರೆ, ಉಲ್ಬಣಿಸಿದರೆ ಮತ್ತೆಯೂ ಪಡೆಯಬಹುದು. ಪ್ರಜ್ಞೆ ತಪ್ಪಿದ ಮೇಲೆ ಫಾದರ್‌ಗೆ ಫೋನು ಮಾಡುವ ಬದಲು ರೋಗಿ ತಾನೇ ಆಮೆನ್ ಎನ್ನಬಲ್ಲ ಹೊತ್ತಿನಲ್ಲಿ ಕರೆಯಿರಿ. ಚರ್ಚಿಗೆ ಬರಲಾಗದವರ ಮನೆಗೆ ಪರಮಪ್ರಸಾದ ಕೊಂಡೊಯ್ಯುವ ರೂಢಿ ಬಹಳ ಕಡೆ ತಿಂಗಳ ಮೊದಲ ಶುಕ್ರವಾರ ಇದೆ. ನಿಮ್ಮ ಮನೆಯ ಒಳಕೋಣೆಯಲ್ಲಿ ಯಾರಾದರೂ ಇದ್ದರೆ ಈ ಭಾನುವಾರ ಪೂಜೆ ಮುಗಿದ ಮೇಲೆ ಅವರ ಹೆಸರು ಗುರುಗಳ ಕಿವಿಗೆ ಹಾಕಿ. ಅವರನ್ನು ನೋಡಿಕೊಳ್ಳುತ್ತಿರುವವರ ಹೆಸರನ್ನೂ ಹೇಳಿ.