ಕಂಪ್ಯೂಟರಿನ ವಿದ್ಯುತ್ ಪೂರೈಕೆ: ವಾಟ್ ಒಂದನ್ನೇ ನೋಡಿದರೆ ಸಾಲದು

ಹೊಸ ಕಂಪ್ಯೂಟರ್ ಕೊಳ್ಳುವಾಗ ನೀವು ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದೆಲ್ಲ ವಿಚಾರಿಸುತ್ತೀರಿ. ಇವಕ್ಕೆಲ್ಲ ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಯನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. ಕ್ಯಾಬಿನೆಟ್ಟಿನೊಳಗೆ ತನ್ನದೇ ಫ್ಯಾನಿನೊಡನೆ ಕುಳಿತಿರುವ ಈ ಪೆಟ್ಟಿಗೆಯೇ ಎಸ್‌ಎಂಪಿಎಸ್. ಕಂಪ್ಯೂಟರ್ ಕೆಲಸದ ನಡುವೆ ತಟ್ಟನೆ ಆರಿಹೋಗುವುದು, ತನ್ನಷ್ಟಕ್ಕೆ ಮತ್ತೆ ಆರಂಭವಾಗುವುದು ಮುಂತಾದ ತೊಂದರೆಗಳ ಮೂಲ ಎಷ್ಟೋ ವೇಳೆ ಇಲ್ಲಿರುತ್ತದೆ. 450 ವಾಟ್ ಎಂದು ಬರೆದಿರುವ ಪೆಟ್ಟಿಗೆ 400 ವಾಟ್‌ನದಕ್ಕಿಂತ ಖಂಡಿತ ಉತ್ತಮವೇ? ಉತ್ತರ ಹುಡುಕುವ ಮೊದಲು ಅದರೊಳಗೆ ಏನು ನಡೆಯುತ್ತದೆಂದು ನೋಡೋಣ.

ಒಳಗೇನಿದೆ?

ಗೋಡೆಯ ಪ್ಲಗ್ಗಿನಲ್ಲಿ ದೊರೆಯುವುದು 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್ತು. ಕಂಪ್ಯೂಟರಿಗೆ ಸಾಮಾನ್ಯವಾಗಿ ಬೇಕಾದುದು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತು. ಮೊದಲು ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು ಇಳಿಸಿ, ಆಮೇಲೆ ಡಯೋಡುಗಳಿಂದ ಏಕಮುಖಗೊಳಿಸುವುದು ಹಳೆಯ ವಿಧಾನ. ಆದರೆ 50 ಹರ್ಟ್ಸ್‌ನಲ್ಲಿ ನೂರಾರು ವಾಟ್ ಸಾಗಿಸಬೇಕಾದರೆ ಹಲವು ಕಿಲೋಗ್ರಾಂ ತೂಗುವ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ.

ಎಸ್‌ಎಂಪಿಎಸ್ ಈ ಕ್ರಮವನ್ನು ಬದಲಿಸುತ್ತದೆ. ಅದು ಮೊದಲು 230 ವೋಲ್ಟನ್ನೇ ಏಕಮುಖಗೊಳಿಸಿ ಒಂದು ದೊಡ್ಡ ಕೆಪಾಸಿಟರಿನಲ್ಲಿ ತುಂಬಿಸುತ್ತದೆ. ಸರಳ ಪೆಟ್ಟಿಗೆಗಳಲ್ಲಿ ಇದರ ವೋಲ್ಟೇಜು ಪರ್ಯಾಯ ವಿದ್ಯುತ್ತಿನ ಗರಿಷ್ಠ ಮೌಲ್ಯ, ಅಂದರೆ 230 × √2 = ಸುಮಾರು 325 ವೋಲ್ಟ್. ಬಳಿಕ ಟ್ರಾನ್ಸಿಸ್ಟರುಗಳು ಇದನ್ನು ಸೆಕೆಂಡಿಗೆ ಹಲವು ಹತ್ತು ಸಾವಿರ ಬಾರಿ ಹಚ್ಚಿ ಆರಿಸುತ್ತವೆ. ಫ್ಯಾರಡೆಯ ನಿಯಮವನ್ನು ನೆನಪಿಸಿಕೊಳ್ಳಿ. ಪ್ರೇರಿತ ವೋಲ್ಟೇಜು ಕಾಂತೀಯ ಫ್ಲಕ್ಸ್ ಬದಲಾಗುವ ದರವನ್ನು ಅವಲಂಬಿಸಿದೆ. ಆವೃತ್ತಿ ಸಾವಿರ ಪಟ್ಟು ಹೆಚ್ಚಿದರೆ, ಅಷ್ಟೇ ಸುತ್ತುಗಳಲ್ಲಿ ಅದೇ ವೋಲ್ಟೇಜು ಪಡೆಯಲು ಸಾವಿರದಲ್ಲೊಂದು ಭಾಗ ಫ್ಲಕ್ಸ್ ಸಾಕು. ಆದ್ದರಿಂದಲೇ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಫೆರೈಟ್ ಟ್ರಾನ್ಸ್‌ಫಾರ್ಮರ್ ಇಲ್ಲಿ ಸಾಲುತ್ತದೆ. ಹೊರಬರುವ ವೋಲ್ಟೇಜು ಕುಸಿದರೆ ನಿಯಂತ್ರಕ ಮಂಡಲವು ಪ್ರತಿ ಸ್ಪಂದದ ಅಗಲವನ್ನು ಹೆಚ್ಚಿಸಿ ಅದನ್ನು ಸರಿಪಡಿಸುತ್ತದೆ.

12 ವೋಲ್ಟಿನ ಮಹತ್ವ

1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನಕದ ಆರಂಭದ ವರ್ಷಗಳಲ್ಲಿ ಕಂಪ್ಯೂಟರಿನ ಮುಖ್ಯ ಹೊರೆ 5 ಮತ್ತು 3.3 ವೋಲ್ಟ್ ತಂತಿಗಳ ಮೇಲಿತ್ತು. 2000ದಲ್ಲಿ ಪೆಂಟಿಯಂ 4 ಬಂದಾಗ ಪ್ರೊಸೆಸರಿಗೆಂದೇ ಪ್ರತ್ಯೇಕ 12 ವೋಲ್ಟ್ ಜೋಡಣೆ ಬಂತು. ಕಾರಣ ಸರಳ. 95 ವಾಟ್ ಒದಗಿಸಲು 5 ವೋಲ್ಟಿನಲ್ಲಿ 19 ಆಂಪಿಯರ್ ಬೇಕು. 12 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಆರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಇಂದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ 12 ವೋಲ್ಟನ್ನೇ ಅವಲಂಬಿಸಿವೆ.

ಈಗ ಎರಡು ಪೆಟ್ಟಿಗೆಗಳ ಲೇಬಲ್ಲುಗಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಿ:

ಪೆಟ್ಟಿಗೆ ‘ಅ’, 450 ವಾಟ್: 3.3 ವೋಲ್ಟ್ – 28 ಆಂಪಿಯರ್. 5 ವೋಲ್ಟ್ – 30 ಆಂಪಿಯರ್. 12 ವೋಲ್ಟ್ – 18 ಆಂಪಿಯರ್.

ಪೆಟ್ಟಿಗೆ ‘ಆ’, 400 ವಾಟ್: 3.3 ವೋಲ್ಟ್ – 20 ಆಂಪಿಯರ್. 5 ವೋಲ್ಟ್ – 20 ಆಂಪಿಯರ್. ಇವೆರಡೂ ಸೇರಿ ಗರಿಷ್ಠ 100 ವಾಟ್. 12 ವೋಲ್ಟ್ – 30 ಆಂಪಿಯರ್.

ವೋಲ್ಟನ್ನು ಆಂಪಿಯರಿನಿಂದ ಗುಣಿಸಿ ನೋಡಿ. 12 ವೋಲ್ಟಿನಲ್ಲಿ ‘ಅ’ ಕೊಡಬಲ್ಲದ್ದು 216 ವಾಟ್. ‘ಆ’ ಕೊಡಬಲ್ಲದ್ದು 360 ವಾಟ್. ಪ್ರೊಸೆಸರಿಗೆ 95, ಗ್ರಾಫಿಕ್ಸ್ ಕಾರ್ಡಿಗೆ 120, ಡಿಸ್ಕು, ಫ್ಯಾನುಗಳಿಗೆ 30 ವಾಟ್ ಬೇಕೆಂದರೆ ಒಟ್ಟು 245 ವಾಟ್. ‘ಅ’ ಸೋಲುತ್ತದೆ, ‘ಆ’ ನಿರಾಯಾಸವಾಗಿ ನಿಭಾಯಿಸುತ್ತದೆ. ‘ಅ’ದ 450 ವಾಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿನ ಕಂಪ್ಯೂಟರ್ ಅಷ್ಟಾಗಿ ಕೇಳದ ತಂತಿಗಳಲ್ಲಿದೆ!

ದಕ್ಷತೆ

ಲೇಬಲ್ಲಿನ ವಾಟ್ ಎಂಬುದು ಪೆಟ್ಟಿಗೆ ಹೊರಗೆ ಕೊಡಬಲ್ಲ ಗರಿಷ್ಠ ಸಾಮರ್ಥ್ಯ. ಕಂಪ್ಯೂಟರ್ ಕೇಳಿದಷ್ಟನ್ನೇ ಅದು ಕೊಡುತ್ತದೆ. ಆದರೆ ಗೋಡೆಯಿಂದ ಅದಕ್ಕಿಂತ ಹೆಚ್ಚು ಪಡೆಯುತ್ತದೆ. 100 ವಾಟ್ ಕೊಡಲು ಶೇ. 80 ದಕ್ಷತೆಯ ಪೆಟ್ಟಿಗೆ 125 ವಾಟ್ ಪಡೆದರೆ, ಶೇ. 90 ದಕ್ಷತೆಯದು 111 ವಾಟ್ ಪಡೆಯುತ್ತದೆ. ವ್ಯತ್ಯಾಸ 14 ವಾಟ್. 20 ಕಂಪ್ಯೂಟರುಗಳ ಶಾಲಾ ಪ್ರಯೋಗಾಲಯ ದಿನಕ್ಕೆ 6 ಗಂಟೆಯಂತೆ ವರ್ಷಕ್ಕೆ 200 ದಿನ ನಡೆದರೆ ಸುಮಾರು 330 ಯೂನಿಟ್ ಉಳಿತಾಯ. ಶಾಖವೂ 25 ವಾಟಿನಿಂದ 11 ವಾಟಿಗೆ ಇಳಿಯುತ್ತದೆ. ಉಷ್ಣತೆ 10 ಡಿಗ್ರಿ ಏರಿದಂತೆ ಇಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಸ್ಸು ಸುಮಾರು ಅರ್ಧವಾಗುತ್ತದೆಂಬುದು ತಂತ್ರಜ್ಞರ ಸ್ಥೂಲ ಲೆಕ್ಕಾಚಾರ. ಹೀಗಾಗಿ ದಕ್ಷತೆ ಬಾಳಿಕೆಯ ಪ್ರಶ್ನೆಯೂ ಹೌದು.

2004ರಲ್ಲಿ ಆರಂಭವಾದ ‘80 ಪ್ಲಸ್’ ಮುದ್ರೆ ಇದಕ್ಕೆ ಸಹಾಯಕ. ಮೂಲ ದರ್ಜೆಯ ಪೆಟ್ಟಿಗೆ ತನ್ನ ಸಾಮರ್ಥ್ಯದ ಶೇ. 20, 50 ಮತ್ತು 100ರ ಹೊರೆಯಲ್ಲಿ ಕನಿಷ್ಠ ಶೇ. 80 ದಕ್ಷತೆ ತೋರಬೇಕು. 2008ರಲ್ಲಿ ಸೇರಿದ ಗೋಲ್ಡ್ ದರ್ಜೆಗೆ, 115 ವೋಲ್ಟಿನ ಪರೀಕ್ಷೆಯ ಅರ್ಧ ಹೊರೆಯಲ್ಲಿ ಶೇ. 90 ಬೇಕು.

ನೀವೇ ಮಾಡಿ ನೋಡಿ

ಮುಂದೆ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: 12 ವೋಲ್ಟಿನಲ್ಲಿ ಎಷ್ಟು ಆಂಪಿಯರ್? ಎಲ್ಲವೂ ಸೇರಿ ಗರಿಷ್ಠ ಎಷ್ಟು ವಾಟ್? ದಕ್ಷತೆಯ ದರ್ಜೆ ಯಾವುದು? ಮಾರುವ ಮುನ್ನ ಪೆಟ್ಟಿಗೆಗೆ ಅಂಟಿಸಿರುವ ಲೇಬಲ್ಲಿನಲ್ಲೇ ಇವುಗಳಿಗೆ ಬಹುಪಾಲು ಉತ್ತರವಿರುತ್ತದೆ. ಶಿಕ್ಷಕರು ವಿದ್ಯಾರ್ಥಿಗಳಿಂದ ಬೇರೆ ಬೇರೆ ಲೇಬಲ್ಲುಗಳ ಅಂಕಿಗಳನ್ನು ಬರೆಯಿಸಿ, ಮೇಲಿನಂತೆ ಹೋಲಿಸಲು ಹೇಳಬಹುದು. ಓಮನ ನಿಯಮದ ಪಾಠದ ಜೊತೆಗೆ ಇದೊಂದು ಒಳ್ಳೆಯ ಅಭ್ಯಾಸ.

ಆದರೆ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿ. 325 ವೋಲ್ಟ್ ತುಂಬಿದ 330 ಮೈಕ್ರೊಫ್ಯಾರಡ್ ಕೆಪಾಸಿಟರಿನಲ್ಲಿ ½CV² ಸೂತ್ರದಂತೆ ಸುಮಾರು 17 ಜೌಲ್ ಶಕ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಆ ಆಘಾತ ಪ್ರಾಣಕ್ಕೇ ಅಪಾಯ ತರಬಲ್ಲದು.