ಪರದೇಶದಲ್ಲಿ ಕಾಯಿಲೆ ಬಿದ್ದರೆ

1965ನೆಯ ಇಸವಿ ಡಿಸೆಂಬರ್ 18ರಂದು ಸೈಪ್ರಸ್ ದ್ವೀಪದಲ್ಲಿ ಜನರಲ್ ಕೆ. ಎಸ್. ತಿಮ್ಮಯ್ಯನವರು ಹೃದಯಾಘಾತದಿಂದ ನಿಧನರಾದರು. ಮಡಿಕೇರಿಯಲ್ಲಿ ಹುಟ್ಟಿದ ಆ ಸೇನಾನಿ ಆಗ ಅಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದರು. ಅವರ ಪಾರ್ಥಿವ ಶರೀರ ಸಕಲ ಗೌರವಗಳೊಡನೆ ಬೆಂಗಳೂರಿಗೆ ಬಂದಿತು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗಾಗಿ ಅಂಚೆಚೀಟಿಯನ್ನೇ ಹೊರತಂದಿತು. ನಾಪೋಕ್ಲು, ವಿರಾಜಪೇಟೆ, ಸೋಮವಾರಪೇಟೆಗಳಿಂದ ಹೊರಟು ದುಬೈಯಲ್ಲೋ ಕುವೈತಿನಲ್ಲೋ ದುಡಿಯುತ್ತಿರುವ ವಾಹನಚಾಲಕನ ಅಥವಾ ಅಂಗಡಿಯ ಗುಮಾಸ್ತನ ಎದೆಯಲ್ಲಿ ಅದೇ ನೋವು ಕಾಣಿಸಿಕೊಂಡರೆ ಅವನ ಬೆನ್ನಿಗೆ ಯಾವ ಪಡೆಯೂ ಇಲ್ಲ. ಅವನ ಜೇಬಿನಲ್ಲಿರುವ ಒಂದು ವಿಮಾ ಚೀಟಿಯೇ ಅವನಿಗೆ ರಕ್ಷೆ.

ಒಂದು ಕಾಲಕ್ಕೆ ಕೊಡಗೇ ಪರದೇಶವಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಆಂಗ್ಲ ತೋಟಗಾರ ಕಾಫಿ ತೋಟವನ್ನು ತೆರೆದ ಮೇಲೆ ಅನೇಕ ಬಿಳಿಯರು ಈ ಕಾಡುಗಳಿಗೆ ಬಂದರು. ಮಲೆನಾಡಿನ ಚಳಿಜ್ವರ ಅವರನ್ನು ಬಿಡಲಿಲ್ಲ. ಸೊಳ್ಳೆಯೇ ಈ ಜ್ವರದ ವಾಹಕವೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಅಲ್ಲಿಯವರೆಗೆ ಕ್ವಿನೈನ್ ಒಂದೇ ಗತಿ. ದೇಹ ತೀರ ಕುಗ್ಗಿದರೆ ದೊರೆಗಳು ಹಡಗು ಹತ್ತಿ ಸ್ವದೇಶಕ್ಕೆ ಮರಳುತ್ತಿದ್ದರು. ಅವರ ತೋಟದಲ್ಲಿ ದುಡಿಯಲು ಮೈಸೂರು ಸೀಮೆಯಿಂದ ಬಂದ ಕೂಲಿಯವನಿಗೆ ಆ ಹಡಗು ಇರಲಿಲ್ಲ. ಪರಸ್ಥಳದಲ್ಲಿ ಕಾಯಿಲೆ ಬೀಳುವುದರಲ್ಲಿಯೂ ಶ್ರೀಮಂತ ರೀತಿ, ಬಡವರ ರೀತಿ ಎಂದು ಎರಡುಂಟು.

ಇಂದಿನ ಕೊಲ್ಲಿ ನಾಡುಗಳನ್ನು ನೋಡಿದರೂ ಈ ಮಾತು ಸುಳ್ಳಲ್ಲ. ಅಬುಧಾಬಿ 2005ರ ಕಾನೂನಿನಿಂದಲೂ ದುಬೈ 2013ರ ಕಾನೂನಿನಿಂದಲೂ ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡಿದವು. ಶಾರ್ಜಾ, ಅಜ್ಮಾನ್ ಮೊದಲಾದ ಉತ್ತರದ ಸಂಸ್ಥಾನಗಳಿಗೆ ಈ ನಿಯಮ ಬಂದುದು 2025ರ ಜನವರಿ 1ರಿಂದ. ನೌಕರನ ವಿಮೆಯ ಹಣವನ್ನು ಯಜಮಾನನೇ ಕಟ್ಟಬೇಕು, ಸಂಬಳದಲ್ಲಿ ಮುರಿದುಕೊಳ್ಳಕೂಡದು. ದುಬೈಯಲ್ಲಿ ಅಲ್ಪ ವೇತನದವರಿಗೆಂದು ಗೊತ್ತುಮಾಡಿದ ಮೂಲ ವಿಮೆ ವರ್ಷಕ್ಕೆ ಒಂದೂವರೆ ಲಕ್ಷ ದಿರ್ಹಮ್‌ಗಳವರೆಗಿನ ಚಿಕಿತ್ಸೆಗೆ ಒದಗುವಂತೆ ರೂಪಿತವಾಯಿತು. ಕೇಳಲು ದೊಡ್ಡ ಮೊತ್ತವೇ. ಆದರೆ ಚೀಟಿಯ ಹಿಂದುಮುಂದನ್ನು ಓದಬೇಕು. ಪ್ರತಿ ಭೇಟಿಯಲ್ಲಿಯೂ ವೆಚ್ಚದ ಒಂದು ಪಾಲನ್ನು ರೋಗಿಯೇ ಕೊಡತಕ್ಕದ್ದು. ತಜ್ಞರನ್ನು ನೇರವಾಗಿ ಕಾಣುವಂತಿಲ್ಲ. ಸಾಮಾನ್ಯ ವೈದ್ಯರು ಮೊದಲು ನೋಡಿ ಕಳುಹಿಸಬೇಕು. ಯಾವ ಆಸ್ಪತ್ರೆಗಳ ಹೆಸರು ಪಟ್ಟಿಯಲ್ಲಿದೆಯೋ ಅವುಗಳಿಗೇ ಹೋಗಬೇಕು. ಕಡಲ ದಂಡೆಯಲ್ಲಿ ಹೊಳೆಯುವ ಅಮೃತಶಿಲೆಯ ಆಸ್ಪತ್ರೆ ಆ ಪಟ್ಟಿಯಲ್ಲಿ ಇರುವುದು ಅಪರೂಪ. ಹೆಂಡತಿ ಮಕ್ಕಳನ್ನು ಕರೆಸಿಕೊಂಡವನು ಅವರ ವಿಮೆಯನ್ನು ತಾನೇ ಹೊರಬೇಕು.

ಚಿಕಿತ್ಸೆಯ ಗುಣದ ವಿಷಯದಲ್ಲಿ ಮಾತ್ರ ಕನ್ನಡಿಗನಿಗೆ ಅಲ್ಲಿ ಅಪರಿಚಿತ ಭಾವ ಕಡಿಮೆ. ದಾದಿ ಕೇರಳದವಳು, ವೈದ್ಯರು ಮಂಗಳೂರಿನಲ್ಲೋ ಮಣಿಪಾಲದಲ್ಲೋ ಓದಿದವರು ಎಂಬುದು ಸರ್ವಸಾಧಾರಣ. ಉಡುಪಿಯ ಕಾಪುವಿನಿಂದ ಹೋದ ಬಿ. ಆರ್. ಶೆಟ್ಟಿಯವರು ಅಬುಧಾಬಿಯಲ್ಲಿ ಎನ್‌ಎಂಸಿ ಚಿಕಿತ್ಸಾಲಯವನ್ನು ಆರಂಭಿಸಿದ್ದು 1975ರಲ್ಲಿ. ಅವರ ಪತ್ನಿಯೇ ಅದರ ಮೊದಲ ವೈದ್ಯೆ. ಅದು ಬೆಳೆದು 2012ರಲ್ಲಿ ಲಂಡನ್ ಷೇರುಪೇಟೆಯನ್ನು ಸೇರಿತು, 2020ರಲ್ಲಿ ಸಾಲದ ಸುಳಿಯಲ್ಲಿ ಸಿಕ್ಕಿ ಆಡಳಿತಾಧಿಕಾರಿಗಳ ವಶವಾಯಿತು. ಒಡೆತನ ಏರಿಳಿದರೂ ಆಸ್ಪತ್ರೆಗಳ ಬಾಗಿಲು ಮುಚ್ಚಲಿಲ್ಲ ಎಂಬುದು ರೋಗಿಗಳ ಪುಣ್ಯ.

ಬ್ರಿಟನ್ನಿನ ರೀತಿ ಬೇರೆ. ವೀಸಾ ಬೇಡುವಾಗಲೇ ಆರೋಗ್ಯ ಸೇವೆಯ ಶುಲ್ಕವನ್ನು ತೆರಬೇಕು. 2015ರಲ್ಲಿ ಇದು ತಲೆಗೆ ವರ್ಷಕ್ಕೆ 200 ಪೌಂಡು ಇತ್ತು. 2024ರ ಫೆಬ್ರವರಿಯಲ್ಲಿ 1,035 ಪೌಂಡಿಗೆ ಏರಿತು, ಮಕ್ಕಳಿಗೆ 776. ಗಂಡ, ಹೆಂಡತಿ, ಇಬ್ಬರು ಮಕ್ಕಳು ಐದು ವರ್ಷಕ್ಕೆ ಹೊರಟರೆ 18,110 ಪೌಂಡುಗಳನ್ನು ವಿಮಾನ ಏರುವ ಮುನ್ನವೇ ಎಣಿಸಬೇಕೆಂದಾಯಿತು. ಆಸ್ಪತ್ರೆಯ ಕೆಲಸಕ್ಕೆಂದೇ ಹೋಗುವ ವೈದ್ಯರಿಗೂ ದಾದಿಯರಿಗೂ ಈ ಕಂದಾಯದಿಂದ ವಿನಾಯಿತಿ ಉಂಟು. ಒಮ್ಮೆ ತೆತ್ತ ಮೇಲೆ ಅಲ್ಲಿ ಶಸ್ತ್ರಚಿಕಿತ್ಸೆಗೆ ಬೇರೆ ಲೆಕ್ಕಚೀಟಿ ಬಾರದು. ಮಂಡಿಯ ಸವೆತದಂಥ ತುರ್ತಲ್ಲದ ಕಾಯಿಲೆಗೆ ತಿಂಗಳುಗಟ್ಟಲೆ ಸರದಿ ಕಾಯಬೇಕಾದೀತು, ಅಷ್ಟೆ.

ಅಮೆರಿಕದಲ್ಲಿ ಭಯಪಡಬೇಕಾದವರು ಅಲ್ಲಿ ದುಡಿಯುವ ಮಗನಿಗಿಂತ ಅವನನ್ನು ನೋಡಲು ಹೋಗುವ ತಾಯಿತಂದೆಗಳು. ಪ್ರಾಣಾಪಾಯದಲ್ಲಿ ಬಂದವರನ್ನು ಹಣ ಕೇಳಿ ಹಿಂದಟ್ಟಬಾರದೆಂದು ಅಲ್ಲಿ 1986ರಿಂದ ಕಾನೂನಿದೆ. ಆದರೆ ಪ್ರಾಣ ಉಳಿಸಿದ ಮೇಲೆ ಲೆಕ್ಕಚೀಟಿ ಮನೆಬಾಗಿಲಿಗೆ ಬರುತ್ತದೆ. ಪ್ರವಾಸಿಗರಿಗೆಂದು ಮಾರುವ ವಿಮೆಗಳಲ್ಲಿ ಬಹುಪಾಲು ಹಳೆಯ ಕಾಯಿಲೆಗಳನ್ನು ಹೊರಗಿಡುತ್ತವೆ. ಅರುವತ್ತು ದಾಟಿದವರಲ್ಲಿ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇಲ್ಲದವರು ಎಷ್ಟು ಮಂದಿ!

ನಮ್ಮ ಸರ್ಕಾರವೂ ಕೈಕಟ್ಟಿ ಕುಳಿತಿಲ್ಲ. 2003ರಲ್ಲಿ ಆರಂಭವಾಗಿ 2017ರಲ್ಲಿ ತಿದ್ದುಪಡಿಯಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತನ್ನೂ ಅದರ ಮೇಲಿನ ತೆರಿಗೆಯನ್ನೂ ಕಟ್ಟಿದವರಿಗೆ ಅಪಘಾತದ ಮರಣಕ್ಕೆ ಹತ್ತು ಲಕ್ಷ ರೂಪಾಯಿ, ಆಸ್ಪತ್ರೆಯ ವೆಚ್ಚಕ್ಕೆ ಒಂದು ಲಕ್ಷದವರೆಗೆ ನೆರವು ಎಂದು ಗೊತ್ತಾಯಿತು. ವಲಸೆಗೆ ಸರ್ಕಾರದ ಅನುಮತಿ ಬೇಕಾದ ಪಾಸ್‌ಪೋರ್ಟಿನವರಿಗೆ ಇದು ಕಡ್ಡಾಯ. ನಿರ್ಗತಿಕನಾದವನ ತುರ್ತು ಚಿಕಿತ್ಸೆಗೂ, ಕೊನೆಗೆ ಅವನ ದೇಹವನ್ನು ಊರಿಗೆ ತಲುಪಿಸುವುದಕ್ಕೂ ರಾಯಭಾರ ಕಚೇರಿಗಳಲ್ಲಿ 2009ರಿಂದ ಒಂದು ಕಲ್ಯಾಣ ನಿಧಿ ಇದೆ. ಊರಿನಲ್ಲಿ ಕಾದು ಕುಳಿತ ಮನೆಯವರಿಗೆ ಈ ನಿಧಿಯ ಹೆಸರೇ ತಿಳಿದಿರುವುದಿಲ್ಲವೆಂಬುದು ಬೇಸರದ ಸಂಗತಿ.

ಇಷ್ಟಾದರೂ ನಿಜವಾದ ಸಂಕಟ ಊರಿಗೆ ಮರಳಿದ ಮೇಲೆ ಕಾದಿರುತ್ತದೆ. ಕೊಲ್ಲಿಯ ವಿಮೆ ನೌಕರಿಯ ನೆರಳು. ಕೆಲಸ ಹೋಗಿ ವೀಸಾ ರದ್ದಾದರೆ ಅದೂ ಹೋಯಿತು. ಗಟ್ಟಿಮುಟ್ಟಾಗಿದ್ದ ಇಪ್ಪತ್ತೈದು ವರ್ಷ ವಿಮೆಯ ಕೊಡೆಯ ಕೆಳಗಿದ್ದವನು, ಮೂತ್ರಪಿಂಡ ಸೋಲುವ ವಯಸ್ಸಿಗೆ ಕೊಡೆಯಿಲ್ಲದೆ ಕೊಡಗಿನ ಮಳೆಗೆ ಇಳಿಯುತ್ತಾನೆ. ಇಲ್ಲಿ ಹೊಸದಾಗಿ ವಿಮೆ ಮಾಡಿಸಿದರೆ ಹಳೆಯ ಕಾಯಿಲೆಗಳಿಗಾಗಿ ಮೂರು ವರ್ಷದವರೆಗೂ ಕಾಯಿಸಬಹುದು. 2024ರ ಮೊದಲು ಈ ಅವಧಿ ನಾಲ್ಕು ವರ್ಷವಿತ್ತು. ಆದಕಾರಣ ಬಲ್ಲವರು ವಿದೇಶದಲ್ಲಿರುವಾಗಲೇ ಊರಿನ ವಿಮೆಯೊಂದನ್ನು ಕಂತು ತಪ್ಪದಂತೆ ಜೀವಂತವಾಗಿಡುತ್ತಾರೆ. ಆಗ ಅದು ದಂಡವೆಂದು ತೋರೀತು.

ದೂರದ ಪ್ರಶ್ನೆಯೂ ಉಂಟು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆಯಾದರೂ ಹೃದಯ, ಮಿದುಳುಗಳ ದೊಡ್ಡ ಚಿಕಿತ್ಸೆಗೆ ರೋಗಿಯನ್ನು ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ, ಸಂಪಾಜೆ ಘಟ್ಟ ಇಳಿದು ಮಂಗಳೂರಿಗೋ ಒಯ್ಯುವುದು ರೂಢಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ಘಟ್ಟದ ದಾರಿಯೇ ಮುಚ್ಚಿತ್ತು. 2019ರಲ್ಲಿ ಕೊಡಗಿನ ತರುಣರು ಸುಸಜ್ಜಿತವಾದ ತುರ್ತು ಆಸ್ಪತ್ರೆ ಬೇಕೆಂದು ಎಬ್ಬಿಸಿದ ಕೂಗು ದೇಶದ ಗಮನವನ್ನು ಸೆಳೆಯಿತು. ಮಗ ದುಬೈಯಲ್ಲಿ ಆಂಬ್ಯುಲೆನ್ಸಿಗೆ ಫೋನು ಮಾಡಿ ನಿಮಿಷಗಳನ್ನು ಎಣಿಸುತ್ತಾನೆ. ಊರಿನಲ್ಲಿ ತಂದೆ ಹುಣಸೂರು ದಾಟಲು ಎಷ್ಟು ಗಂಟೆಯಾಗುವುದೆಂದು ಲೆಕ್ಕ ಹಾಕುತ್ತಾನೆ. ಕಣ್ಣೂರಿನ ವಿಮಾನ ನಿಲ್ದಾಣ 2018ರ ಡಿಸೆಂಬರಿನಲ್ಲಿ ತೆರೆದ ಮೇಲೆ, ಮಾಕುಟ್ಟದ ಹಾದಿಯಲ್ಲಿ ವಿರಾಜಪೇಟೆಗೆ ಸುಮಾರು 60 ಕಿಲೋಮೀಟರ್ ಅಂತರದಲ್ಲಿ ಕೊಲ್ಲಿಯ ವಿಮಾನ ಇಳಿಯುತ್ತದೆ. ಚಿಕಿತ್ಸೆಗೆಂದು ರಜೆ ಹಾಕಿ ಊರಿಗೆ ಬರುವವರು ಅಲ್ಲಿನ ಆಸ್ಪತ್ರೆಯ ಕಾಗದಪತ್ರಗಳನ್ನೂ ಪರೀಕ್ಷೆಯ ಚಿತ್ರಗಳನ್ನೂ ತಪ್ಪದೆ ತರುವುದು, ಅರಬ್ಬಿಯಲ್ಲಿದ್ದರೆ ಇಂಗ್ಲಿಷಿಗೆ ಬರೆಸಿ ತರುವುದು ಲೇಸು. ಮೈಸೂರಿನ ವೈದ್ಯರು ಮೊದಲು ಕೇಳುವುದು ಅವನ್ನೇ.