ಸ್ಟೀರಿಂಗ್ ಪಂಪಿನ ರೋಗಪರೀಕ್ಷೆ

ನಿಂತಿರುವ ಮೋಟಾರು ಕಾರಿನ ಮುಂಚಕ್ರಗಳನ್ನು ಪಕ್ಕಕ್ಕೆ ತಿರುಗಿಸುವುದು ಸುಲಭದ ಕೆಲಸವಲ್ಲ. ಎಂಜಿನ್ನಿನ ಭಾರವನ್ನು ಹೊತ್ತ ಆ ಚಕ್ರಗಳಿಗೂ ನೆಲಕ್ಕೂ ನಡುವಣ ಘರ್ಷಣೆ ಬಹಳ ಹೆಚ್ಚು. ಚಾಲಕನ ಈ ಶ್ರಮವನ್ನು ತಗ್ಗಿಸಲು ತೈಲದ ಒತ್ತಡವನ್ನು ಬಳಸಿದವರಲ್ಲಿ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಪ್ರಮುಖನು. 1926ರಲ್ಲಿ ಆತನು ಪಿಯರ್ಸ್-ಆ್ಯರೋ ಕಾರೊಂದಕ್ಕೆ ಇಂತಹ ಸಾಧನವನ್ನು ಜೋಡಿಸಿ ಪ್ರದರ್ಶಿಸಿದನು. ಮಾರಾಟದ ಕಾರುಗಳಿಗೆ ಅದು ಬಂದುದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನ ಮೂಲಕ. ಇಂದಿನ ಹೊಸ ಕಾರುಗಳಲ್ಲಿ ಬಹುಪಾಲಿಗೆ ವಿದ್ಯುತ್ ಮೋಟಾರೇ ಈ ನೆರವನ್ನು ಒದಗಿಸುತ್ತದೆ. ಆದರೂ ತೈಲದ ಪಂಪುಳ್ಳ ಹಳೆಯ ಕಾರುಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಸಾಕಷ್ಟಿವೆ.

ಈ ಪಂಪು ಸದ್ದು ಮಾಡತೊಡಗಿದೊಡನೆ ಅದನ್ನು ಕಿತ್ತು ಹೊಸದನ್ನು ಹಾಕಿಸುವವರುಂಟು. ಆದರೆ ದೋಷವು ಬೇರೆಡೆಯಲ್ಲಿದ್ದರೆ ಹಣ ವ್ಯರ್ಥವಾಗುವುದಲ್ಲದೆ, ಹೊಸ ಪಂಪೂ ಬೇಗನೆ ಸವೆದುಹೋದೀತು. ದೋಷವನ್ನು ಹಾಗೆಯೇ ಬಿಟ್ಟರೆ, ತಿರುವಿನ ನಡುವೆ ನೆರವು ತಟ್ಟನೆ ನಿಲ್ಲಬಹುದು. ಸ್ಟೀರಿಂಗ್ ಚಕ್ರಕ್ಕೂ ರಸ್ತೆಯ ಚಕ್ರಗಳಿಗೂ ನೇರವಾದ ಯಾಂತ್ರಿಕ ಸಂಪರ್ಕವಿರುವುದರಿಂದ ಆಗಲೂ ಕಾರನ್ನು ತಿರುಗಿಸಬಹುದು, ನಿಜ. ಆದರೆ ಅನಿರೀಕ್ಷಿತವಾಗಿ ಬೇಕಾಗುವ ಆ ಬಲವೇ ಅಪಾಯಕ್ಕೆ ಕಾರಣವಾಗುತ್ತದೆ.

ಮೊದಲು ಪಂಪಿನ ರಚನೆಯನ್ನು ನೋಡೋಣ. ಎಂಜಿನ್ನು ಬೆಲ್ಟಿನ ಮೂಲಕ ಒಂದು ರೋಟರನ್ನು ತಿರುಗಿಸುತ್ತದೆ. ರೋಟರಿನ ಸೀಳುಗಳಲ್ಲಿ ತೆಳುವಾದ ಲೋಹದ ಅಲಗುಗಳಿರುತ್ತವೆ. ರೋಟರು ತಿರುಗುವಾಗ ಅವು ಹೊರಕ್ಕೆ ಸರಿದು, ದೀರ್ಘವೃತ್ತವನ್ನು ಹೋಲುವ ಉಂಗುರವೊಂದರ ಒಳಮೈಯನ್ನು ಒತ್ತಿಕೊಂಡು ಸಾಗುತ್ತವೆ. ಎರಡು ಅಲಗುಗಳ ನಡುವಣ ಎಡೆ ಹಿಗ್ಗಿದಾಗ ತೈಲವು ಒಳಬರುತ್ತದೆ, ಕುಗ್ಗಿದಾಗ ಹೊರಹೋಗುತ್ತದೆ. ಹೊರಬಂದ ತೈಲವು ಸ್ಟೀರಿಂಗ್ ವ್ಯವಸ್ಥೆಯ ಪಿಸ್ಟನ್ನನ್ನು ತಳ್ಳುತ್ತದೆ. ಪಾಸ್ಕಲನ ನಿಯಮವು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಪ್ರತಿ ಚದರ ಸೆಂಟಿಮೀಟರಿಗೆ 80 ಕಿಲೋಗ್ರಾಂ ತೂಕದಷ್ಟು ಒತ್ತಡವು 8 ಚದರ ಸೆಂಟಿಮೀಟರ್ ವಿಸ್ತೀರ್ಣದ ಪಿಸ್ಟನ್ನಿನ ಮೇಲೆ ಬಿದ್ದರೆ, ಒಟ್ಟು ಬಲವು 640 ಕಿಲೋಗ್ರಾಂ ತೂಕಕ್ಕೆ ಸಮನಾಗುತ್ತದೆ!

ಅಲಗುಗಳೂ ಉಂಗುರವೂ ಸವೆದಂತೆ ಅವುಗಳ ಸಂದಿನಲ್ಲಿ ತೈಲವು ಹಿಂದಕ್ಕೆ ಸೋರತೊಡಗುತ್ತದೆ. ಎಂಜಿನ್ನು ನಿಧಾನವಾಗಿ ತಿರುಗುವಾಗ ಪಂಪು ಹೊರದೂಡುವ ತೈಲವೇ ಕಡಮೆ. ಬಿಸಿಯೇರಿದ ತೈಲವು ತೆಳುವಾಗಿ ಇನ್ನಷ್ಟು ಸುಲಭವಾಗಿ ಸೋರುತ್ತದೆ. ಆದುದರಿಂದ ಬಹಳ ದೂರ ಓಡಿದ ಕಾರನ್ನು ನಿಲ್ಲಿಸುವ ಸ್ಥಳದಲ್ಲಿ ತಿರುಗಿಸುವಾಗ ಸ್ಟೀರಿಂಗ್ ಬಿಗಿಯಾಗಿ, ಎಂಜಿನ್ನಿನ ವೇಗವನ್ನು ಹೆಚ್ಚಿಸಿದೊಡನೆ ಹಗುರವಾದರೆ, ಪಂಪಿನ ಸವೆತವನ್ನು ಸಂದೇಹಿಸಬೇಕು.

ಆದರೆ ಸಂದೇಹವೇ ನಿರ್ಣಯವಲ್ಲ. ಸುಲಭವಾದ ಪರೀಕ್ಷೆಗಳನ್ನು ಮೊದಲು ಮಾಡತಕ್ಕದ್ದು. ತೈಲದ ಡಬ್ಬಿಯಲ್ಲಿ ಮಟ್ಟವು ಸರಿಯಾಗಿದೆಯೆ? ಇಲ್ಲವಾದರೆ ಸೋರಿಕೆಯನ್ನು ಹುಡುಕಬೇಕು. ಬೆಲ್ಟು ಸಡಿಲವಾಗಿದೆಯೆ? ಜಾರುವ ಬೆಲ್ಟು ಕೀರಲು ಧ್ವನಿ ಮಾಡುತ್ತದೆ; ಪಂಪಿನ ಗೋಳು ಎಂಜಿನ್ನಿನ ವೇಗದೊಡನೆ ಏರಿಳಿಯುತ್ತದೆ. ತೈಲದಲ್ಲಿ ನೊರೆಯಿದೆಯೆ? ಇದ್ದರೆ ಗಾಳಿ ಒಳಸೇರಿದೆಯೆಂದು ತಿಳಿಯಬೇಕು. ಡಬ್ಬಿಯಿಂದ ಪಂಪಿಗೆ ಬರುವ ರಬ್ಬರ್ ಕೊಳವೆಯಲ್ಲಿ, ಪಂಪು ಹೀರುವಾಗ, ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಕಡಮೆಯಾಗಬಹುದು. ಹೀಗಾಗಿ ಅಲ್ಲಿನ ಬಿರುಕಿನಿಂದ ತೈಲವು ಹೊರಕ್ಕೆ ತೊಟ್ಟಿಕ್ಕದೆಯೇ ಗಾಳಿಯು ಒಳನುಗ್ಗಬಲ್ಲದು. ಈ ಗುಳ್ಳೆಗಳು ಪಂಪಿನ ಹೆಚ್ಚಿನ ಒತ್ತಡಕ್ಕೆ ಸಿಕ್ಕಿ ಕುಸಿಯುವಾಗ ಸದ್ದಾಗುತ್ತದೆ, ಲೋಹವೂ ಸವೆಯುತ್ತದೆ. ಇಲ್ಲಿ ಬದಲಿಸಬೇಕಾದುದು ಅಗ್ಗದ ಕೊಳವೆಯೇ ಹೊರತು ಪಂಪಲ್ಲ.

ಇವೆಲ್ಲವೂ ಸರಿಯಾಗಿದ್ದರೆ ಕೊನೆಯ ತೀರ್ಪನ್ನು ಒತ್ತಡದ ಗೇಜು ಕೊಡುತ್ತದೆ. ಪಂಪಿನ ಹೊರದಾರಿಯಲ್ಲಿ ಗೇಜನ್ನೂ, ಅದರ ಮುಂದೆ ಒಂದು ಕವಾಟವನ್ನೂ ಜೋಡಿಸುತ್ತಾರೆ. ಎಂಜಿನ್ನು ಓಡುತ್ತಿರುವಾಗ ಕವಾಟವನ್ನು ಕ್ಷಣಕಾಲ ಮುಚ್ಚಿದರೆ ಪಂಪಿನ ಗರಿಷ್ಠ ಒತ್ತಡವು ತಿಳಿಯುತ್ತದೆ. 5 ಸೆಕೆಂಡಿಗಿಂತ ಹೆಚ್ಚು ಕಾಲ ಮುಚ್ಚಿಡಬಾರದು. ತೈಲವು ಅತಿಯಾಗಿ ಬಿಸಿಯಾಗಿ ಪಂಪು ಹಾಳಾದೀತು. ತಯಾರಕರು ಹೇಳಿದ ಒತ್ತಡವು ಬಾರದಿದ್ದರೆ ದೋಷವು ಪಂಪಿನಲ್ಲಿದೆ, ಇಲ್ಲವೆ ಅದರೊಳಗಿನ ನಿಯಂತ್ರಣ ಕವಾಟದಲ್ಲಿದೆ. ಅಷ್ಟು ಒತ್ತಡ ಬಂದು, ಕವಾಟವನ್ನು ತೆರೆದು ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಮಾತ್ರ ಒತ್ತಡ ಸಾಲದಿದ್ದರೆ, ಸೋರಿಕೆಯು ಸ್ಟೀರಿಂಗ್ ಪೆಟ್ಟಿಗೆಯೊಳಗೆ. ಒಂದೇ ಕವಾಟವು ವ್ಯವಸ್ಥೆಯನ್ನು ಇಬ್ಭಾಗಿಸಿ ದೋಷಿಯನ್ನು ತೋರಿಸುವ ಬಗೆ ಗಮನಾರ್ಹವಾದುದು.

ಪಂಪನ್ನು ಬದಲಿಸಬೇಕೆಂದು ನಿರ್ಣಯವಾದರೆ, ಎಂಜಿನ್ನು ತಣಿದ ಮೇಲೆ ಹಳೆಯ ತೈಲವನ್ನು ಬಸಿದು, ಬೆಲ್ಟನ್ನು ಸಡಿಲಿಸಿ, ಕೊಳವೆಗಳನ್ನೂ ಬೋಲ್ಟುಗಳನ್ನೂ ಬಿಚ್ಚುತ್ತಾರೆ. ದಂಡಕ್ಕೆ ಬಿಗಿಯಾಗಿ ಕುಳಿತ ಪುಲ್ಲಿಯನ್ನು ಸುತ್ತಿಗೆಯಿಂದ ಹೊಡೆಯದೆ ಪುಲ್ಲರಿನಿಂದಲೇ ಎಳೆಯಬೇಕು. ಹೊಸ ಪಂಪಿಗೆ ಕೂರಿಸುವಾಗಲೂ ತಿರುಪಿನ ಸಾಧನದಿಂದಲೇ ಒತ್ತಬೇಕು. ಪೆಟ್ಟಿನ ಬಲವು ದಂಡದ ಮೂಲಕ ಒಳಗಿನ ಭಾಗಗಳನ್ನು ಮುಟ್ಟುತ್ತದೆ. ಸವೆದ ಪಂಪಿನ ಲೋಹದ ಪುಡಿಯು ಹೊಸದಕ್ಕೂ ಮಾರಕವಾದುದರಿಂದ ಕೊಳವೆಗಳನ್ನೂ ಡಬ್ಬಿಯನ್ನೂ ತೊಳೆದು, ಹೊಸ ಸೀಲುಗಳನ್ನು ಹಾಕಿ, ತಯಾರಕರು ಸೂಚಿಸಿದ ತೈಲವನ್ನೇ ತುಂಬತಕ್ಕದ್ದು.

ಇನ್ನು ಉಳಿದುದು ಗಾಳಿಯನ್ನು ಹೊರಗೆಡಹುವ ಕೆಲಸ. ಜ್ಯಾಕನ್ನೊಂದೇ ನಂಬದೆ, ಕಾರಿನ ಮುಂಭಾಗವನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಎಂಜಿನ್ನನ್ನು ಚಾಲೂ ಮಾಡದೆಯೇ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ಹಲವು ಬಾರಿ ತಿರುಗಿಸಬೇಕು. ಇಳಿದ ತೈಲವನ್ನು ಮತ್ತೆ ತುಂಬುತ್ತಿರಬೇಕು. ಎಂಜಿನ್ನನ್ನು ಚಾಲೂ ಮಾಡಬಾರದೇಕೆ? ಓಡುವ ಪಂಪು ದೊಡ್ಡ ಗುಳ್ಳೆಗಳನ್ನು ಒಡೆದು ಸೂಕ್ಷ್ಮವಾದ ನೊರೆಯಾಗಿಸುತ್ತದೆ. ಸ್ಟೋಕ್ಸನ ನಿಯಮದಂತೆ ಸಣ್ಣ ಗುಳ್ಳೆಯು ಮೇಲೇರುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸವು ಹತ್ತರಲ್ಲೊಂದಾದರೆ ವೇಗವು ನೂರರಲ್ಲೊಂದು ಮಾತ್ರ. ನಿಮಿಷದಲ್ಲಿ ಮೇಲೇರಿ ಹೋಗಬೇಕಾದ ಗಾಳಿಯು ಗಂಟೆಗಟ್ಟಲೆ ತೈಲದಲ್ಲೇ ಉಳಿದು, ಹೊಸ ಪಂಪೂ ಹಳೆಯದರಂತೆಯೇ ಗೋಳಿಡುತ್ತದೆ. ಗುಳ್ಳೆಗಳು ನಿಂತ ಮೇಲೆ ಎಂಜಿನ್ನನ್ನು ಚಾಲೂ ಮಾಡಿ ತೈಲದ ಮಟ್ಟವನ್ನು ಮತ್ತೊಮ್ಮೆ ನೋಡಬೇಕು.

ಇಲ್ಲಿ ನಾವು ಬಳಸಿದ ನಿಯಮಗಳೆಲ್ಲ ಕಾಲೇಜಿನ ಪಠ್ಯಪುಸ್ತಕದವೇ. ಅವುಗಳನ್ನು ಬಲ್ಲ ವಿದ್ಯಾರ್ಥಿಯು ಮುಂದೆ ಮನೆಯ ಕಾರನ್ನು ರಿಪೇರಿಗೆ ಕೊಂಡೊಯ್ದಾಗ, ಪಂಪನ್ನು ಬದಲಿಸಲು ಒಪ್ಪುವ ಮುನ್ನ, ಗೇಜು ತೋರಿಸಿದ ಒತ್ತಡವೆಷ್ಟು ಎಂದು ಮೆಕ್ಯಾನಿಕ್ಕನನ್ನು ಕೇಳಲಿ.